ತಕ್ಕಡಿಗೆ ಕಾಣುವುದು

ಅಕ್ಕನ ಮಗ ಬಾಕ್ಸಿಂಗ್ ಕಲಿಯುತ್ತಿದ್ದಾನೆ. ತೂಕ 62 ಕೆ.ಜಿ. ‘ಯಾವ ವಿಭಾಗಕ್ಕೆ ಹೆಸರು ಕೊಡಲಿ ಮಾಮ?’ ಅಂತ ಮೊನ್ನೆ ಕೇಳಿದ.

ಅವನ ವಯಸ್ಸಿನಲ್ಲಿ ನಾನೂ ಅಷ್ಟೇ ಇದ್ದೆ, 60ಕ್ಕೆ ಕೊಟ್ಟಿದ್ದೆ. ಎರಡು ದಿನ ಅನ್ನ ಬಿಟ್ಟೆ. ಸ್ವೆಟರಿನ ಮೇಲೆ ರೇನ್‌ಕೋಟ್ ಹಾಕಿಕೊಂಡು ಲಾಲ್‌ಬಾಗ್‌ನಲ್ಲಿ ಓಡಿದೆ. ಚಾಮರಾಜಪೇಟೆಯ ನಮ್ಮ ಬೀದಿಯ ದಿನಸಿ ಅಂಗಡಿಯವರು ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ನನ್ನನ್ನೂ ನಿಲ್ಲಿಸುತ್ತಿದ್ದರು. ‘ಮೂಟೆ ತೂಕ ಇಳಿದ್ರೆ ಗಿರಾಕಿ ಬೈತಾನೆ, ನೀನು ಇಳಿದ್ರೆ ಕುಣೀತೀಯಲ್ಲಪ್ಪ’ ಅನ್ನುತ್ತಿದ್ದರು.

ತೂಕವೇನೋ ಸರಿಹೋಯಿತು. ಮೂರನೆಯ ಸುತ್ತಿನಲ್ಲಿ ಕಾಲು ಏಳಲಿಲ್ಲ, ಸೋತೆ. ಆಮೇಲೆ ಇಡ್ಲಿ ತಿನ್ನುತ್ತಾ ಎದುರಾಳಿ ಹೇಳಿದ, ಅವನ ನಿಜವಾದ ತೂಕ 65 ಅಂತ. ಮೋಸ ಅನ್ನಿಸಿತು. ಆದರೆ ನಾನು ಮಾಡಿದ್ದೂ ಅದನ್ನೇ, ಸ್ವಲ್ಪ ಕಡಿಮೆ.

ಹಗುರ ಮೈಯವರನ್ನು ಭಾರದ ಗುದ್ದಿನಿಂದ ಕಾಯಲೆಂದು ಎಳೆದ ಗೆರೆ ಅದು. ಗೆರೆ ಎಳೆದ ಕೂಡಲೇ ಎಲ್ಲರೂ ಹಗುರವಾಗಲು ಹೊರಡುತ್ತಾರೆ. ಒಬ್ಬ ಮಾತ್ರ ಹೊಟ್ಟೆತುಂಬ ಉಂಡು ತನ್ನ ತೂಕದಲ್ಲೇ ನಿಂತರೆ, ಮೇಲಿನಿಂದ ಇಳಿದು ಬಂದವನ ಕೈಗೆ ಸಿಗುತ್ತಾನೆ. ನಿಯಮ ಯಾರೂ ಮುರಿದಿಲ್ಲ, ಹಸಿವು ಮಾತ್ರ ಎಲ್ಲರಿಗೂ.

ಗೆರೆ ಎಲ್ಲಿ ಬೀಳುತ್ತದೆ ಎಂಬುದೂ ಆಟಗಾರರ ಕೈಯಲ್ಲಿಲ್ಲ. ಮಹಿಳೆಯರ ಬಾಕ್ಸಿಂಗ್ ಪದಕದ ಸ್ಪರ್ಧೆಯಾಗಿ ಒಲಿಂಪಿಕ್ಸ್‌ಗೆ ಬಂದದ್ದು 2012ರ ಲಂಡನ್‌ನಲ್ಲಿ. ವಿಭಾಗಗಳು ಮೂರೇ: 51, 60, 75 ಕೆ.ಜಿ. 46, 48 ಕೆ.ಜಿ.ಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಮೇರಿ ಕೋಮ್ 51ಕ್ಕೆ ಏರಿ, ತಮಗಿಂತ ದೊಡ್ಡ ಮೈಯವರೊಡನೆ ಸೆಣಸಿ ಕಂಚು ತಂದರು. 2024ರ ಪ್ಯಾರಿಸ್‌ನಲ್ಲಿ ಕುಸ್ತಿಯ ವಿನೇಶ್ ಫೋಗಟ್, ಫೈನಲ್ ದಿನದ ಬೆಳಿಗ್ಗೆ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚಿದ್ದಕ್ಕೆ ಅನರ್ಹರಾದರು. ನನಗೂ ಸಂಕಟವಾಯಿತು. ಆದರೂ 100 ಗ್ರಾಂ ಬಿಟ್ಟರೆ 200 ಯಾಕೆ ಬಿಡಬಾರದು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಮೈಸೂರು ದಸರಾದ ನಾಡಕುಸ್ತಿಗೆ ಮುಂಚೆ ಜೋಡಿ ಕಟ್ಟುತ್ತಾರೆ. ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಮೈಕಟ್ಟು, ವಯಸ್ಸು, ಪಳಗಿದ ರೀತಿ ನೋಡಿ ಹಿರಿಯರು ಯಾರಿಗೆ ಯಾರು ಎಂದು ತೀರ್ಮಾನಿಸುತ್ತಾರೆ. ತೋಳಿನ ಉದ್ದ, ಮನೆಯಲ್ಲಿ ಹಾಲು ಮೊಟ್ಟೆ ಸಿಕ್ಕಿದೆಯೋ ಇಲ್ಲವೋ, ಇವೆಲ್ಲ ತಕ್ಕಡಿಗೆ ಕಾಣುವುದಿಲ್ಲ. ಪಳಗಿದ ಕಣ್ಣಿಗೆ ಕಾಣುತ್ತದೆ. ಆದರೆ ಕಣ್ಣಿಗೆ ನಮ್ಮವರು, ಬೇರೆಯವರು ಅಂತಲೂ ಇರುತ್ತದೆ. ಗುರುತಿನವರಿಲ್ಲದ ಹುಡುಗನಾದರೆ ನಾನು ತಕ್ಕಡಿಯನ್ನೇ ನಂಬುತ್ತೇನೆ.

‘ನಿನ್ನ ತೂಕದ್ದಕ್ಕೇ ಕೊಡು’ ಅಂದೆ ಅಳಿಯನಿಗೆ.

ಅವನು ನಕ್ಕ. ‘ಅಲ್ಲಿ ನನ್ನ ತೂಕದವರು ಯಾರೂ ಇರಲ್ಲ ಮಾಮ.’

ಅಕ್ಕ ಒಳಗಿಂದ ಊಟಕ್ಕೆ ಕರೆದಳು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.