ತಪ್ಪಿತಸ್ಥರಿಲ್ಲದ ಅನ್ಯಾಯ

ಕಮಲಾಪುರದ ನಮ್ಮ ಮನೆಯಲ್ಲಿ ಗಣಿತ ಅಕ್ಕನದು. ನನ್ನ ಲೆಕ್ಕಗಳನ್ನೂ ಅವಳೇ ಬಿಡಿಸಿಕೊಡುತ್ತಿದ್ದಳು. ಪಿಯುಸಿ ಮುಗಿದಾಗ ಕಲಬುರಗಿಗೆ ಹೋಗಿ ಕಂಪ್ಯೂಟರ್ ಕಲಿಯುವ ಆಸೆ ಅವಳಿಗಿತ್ತು. ತರಗತಿ ಸಂಜೆ ಇತ್ತು. "ಬಸ್ ತಪ್ಪಿದ್ರ ಹೆಂಗವ್ವಾ? ಹೊತ್ತಾಗ್ತದ" ಎಂದರು ಅಪ್ಪ. ಎರಡು ವರ್ಷದ ನಂತರ ಅದೇ ತರಗತಿಗೆ ನಾನು ಹೋದೆ. ನನಗೆ ಯಾರೂ ಹೊತ್ತಿನ ಮಾತಾಡಲಿಲ್ಲ.

ಈಗ ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. "ಹುಡುಗಿಯರು ಪಾಸಾಗ್ತಾರ ಖರೆ, ಆದ್ರ ಮಷೀನ್‌ನ್ಯಾಗ ಅವರಿಗೆ ಆಸಕ್ತಿ ಇರಂಗಿಲ್ಲ" ಎಂದ ಒಬ್ಬ ಗೆಳೆಯ. ಆಸಕ್ತಿ ಹುಟ್ಟುಗುಣವೇ? 1946ರಲ್ಲಿ ಅಮೆರಿಕದ ಎನಿಯಾಕ್ ಯಂತ್ರಕ್ಕೆ ಪ್ರೋಗ್ರಾಂ ಬರೆದವರು ಆರು ಮಹಿಳೆಯರು. 1984ರ ಸುಮಾರಿಗೆ ಅಲ್ಲಿನ ಕಂಪ್ಯೂಟರ್ ವಿಜ್ಞಾನ ಪದವೀಧರರಲ್ಲಿ ಮಹಿಳೆಯರು ಶೇ. 37ರಷ್ಟಿದ್ದರು, ಮೂರು ದಶಕ ಕಳೆಯುವುದರೊಳಗೆ ಅದು ಶೇ. 20ಕ್ಕಿಂತ ಕೆಳಗಿಳಿಯಿತು. ಹುಟ್ಟುಗುಣ ಇಷ್ಟು ಬೇಗ ಬದಲಾಗದು. ಬದಲಾದದ್ದು ಮನೆ. ಕಂಪ್ಯೂಟರ್ ಹುಡುಗರ ಆಟಿಕೆಯೆಂದು ಮಾರಾಟವಾಗಿ ಮಗನ ಕೋಣೆ ಸೇರಿತು. ಇಳಿಕೆಗೆ ಇದೂ ಒಂದು ಕಾರಣವೆನ್ನುತ್ತಾರೆ ಸಂಶೋಧಕರು. ಗುರಿಯಿಲ್ಲದೆ ಯಂತ್ರದ ಮುಂದೆ ಕೂರಲು, ಕೆಡಿಸಿ ಕಲಿಯಲು ಯಾರಿಗೆ ಬಿಡುವು ಸಿಗುತ್ತದೋ ಅವರಲ್ಲಿ ಆಸಕ್ತಿ ಬೆಳೆಯುತ್ತದೆ.

1974ರಲ್ಲಿ ಟೆಲ್ಕೊ ಕಂಪನಿ ಪುರುಷರಿಗೆ ಮಾತ್ರ ಎಂಬಂತೆ ಉದ್ಯೋಗದ ಜಾಹೀರಾತು ಕೊಟ್ಟಾಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ್ದ ಸುಧಾ ಕುಲಕರ್ಣಿ (ಇಂದಿನ ಸುಧಾ ಮೂರ್ತಿ) ಜೆ.ಆರ್.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅಲ್ಲಿ ಬಾಗಿಲು ಮುಚ್ಚಿದವರು ಯಾರೆಂದು ಗೊತ್ತಿತ್ತು, ವಿಳಾಸವಿತ್ತು. ನನ್ನ ಅಕ್ಕ ಯಾರಿಗೆ ಬರೆಯಬೇಕಿತ್ತು?

ಅಪ್ಪನಿಗೆ ಇದ್ದದ್ದು ಮಗಳ ಚಿಂತೆ. ಬಸ್ಸಿನವರು ತಮ್ಮ ವೇಳೆಗೆ ಬಸ್ಸು ಬಿಟ್ಟರು. ತರಗತಿ ನಡೆಸುವವರು ಸಂಜೆ ಪುರುಸೊತ್ತಿದ್ದಾಗ ಕಲಿಸಿದರು. ಯಾರೂ ಕೇಡು ಬಯಸಲಿಲ್ಲ. ಆದರೂ ಅಕ್ಕನಿಗೆ ಅನ್ಯಾಯವಾಯಿತು. ಹಾಗಾದರೆ ತಪ್ಪಿತಸ್ಥರಿಲ್ಲದೆಯೂ ಅನ್ಯಾಯ ಇರಬಲ್ಲದು. ತಪ್ಪು ಯಾರದೆಂದು ಹುಡುಕುತ್ತ ಕೂತರೆ ಎಲ್ಲರೂ ಪಾರಾಗುತ್ತೇವೆ. ಕೇಳಬೇಕಾದದ್ದು, ಹೊಣೆ ಯಾರದು ಎಂದು. ಅದರಿಂದ ಲಾಭ ಪಡೆದವನ ಹೊಣೆ ಹೆಚ್ಚು ಎಂಬುದು ನನ್ನ ಎಣಿಕೆ. ನಾನು ಯಾರ ಸೀಟನ್ನೂ ಕಸಿದುಕೊಳ್ಳಲಿಲ್ಲ, ನಿಜ. ಆದರೆ ಅಕ್ಕನಿಗೆ ಸಿಗದ ಸಂಜೆಗಳ ಮೇಲೆಯೇ ನನ್ನ ಓದು ನಿಂತಿದೆ.

ಕಳೆದ ದೀಪಾವಳಿಗೆ ಅಕ್ಕನ ಮಗಳು ನನ್ನ ಲ್ಯಾಪ್‌ಟಾಪ್ ತೆರೆದಳು. "ಮುಟ್ಟಬ್ಯಾಡ, ಕೆಡ್ತದ" ಎಂದುಬಿಟ್ಟೆ. ಹಿಂದಿನ ದಿನವಷ್ಟೇ ಅವಳ ತಮ್ಮ ಅದರಲ್ಲಿ ಗಂಟೆಗಟ್ಟಲೆ ಆಡಿದ್ದ. ಅಕ್ಕ ಏನೂ ಅನ್ನದೆ ನನ್ನನ್ನೊಮ್ಮೆ ನೋಡಿದಳು. ಲ್ಯಾಪ್‌ಟಾಪನ್ನು ಮತ್ತೆ ಮಗುವಿನ ಮುಂದಿಟ್ಟು, "ಕೆಟ್ರ ಕೆಡಲಿ, ನೋಡು" ಎಂದೆ.