ಆಪದ್ಧರ್ಮವೂ ಆಹಾರವಿವೇಕವೂ

ತಲಕಾವೇರಿಯಲ್ಲಿ ಹುಟ್ಟಿದ ನದಿಯು ಕೊಡಗನ್ನು ದಾಟಿ ಹಾಸನ ಜಿಲ್ಲೆಯ ರಾಮನಾಥಪುರವನ್ನು ಸೇರಿದಾಗ, ಅಲ್ಲಿನ ವಹ್ನಿಪುಷ್ಕರಿಣಿಯಲ್ಲಿ ಯಾತ್ರಿಕರು ಎಸೆಯುವ ಪುರಿಗೆ ಬಾಯ್ದೆರೆದು ಮುತ್ತುವ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಯಾರೂ ಹಿಡಿಯರು. ಅದೇ ನದಿಯ ಮೇಲಣ ಸೀಮೆಯಲ್ಲಾದರೋ, ಮುಂಗಾರಿನ ಹೊಸನೀರಿಗೆ ತೋಡಿನಿಂದ ಗದ್ದೆಗೆ ಏರಿಬರುವ ಮೀನನ್ನು ಹಿಡಿದು ಸಾರು ಮಾಡುವುದು ಕೊಡಗಿನ ಮನೆಗಳ ವಾಡಿಕೆ. ಒಂದೇ ನೀರಿನ ಜೀವವು ಒಂದೆಡೆ ಪೂಜ್ಯ, ಒಂದೆಡೆ ಭೋಜ್ಯ. ಎಡೆಯನ್ನರಿತು ನಡೆಯುವ ಈ ನಿಯಮವು, ನೌಕೆ ಮುಳುಗಿ ನಡುಗಡಲಿನಲ್ಲಿ ತೆಪ್ಪವೊಂದನ್ನೇ ನೆಚ್ಚಿ ಉಳಿದ ಮನುಷ್ಯನಿಗೆ ಏನನ್ನು ವಿಧಿಸೀತು? ಪ್ರಾಣಸಂಕಟದಲ್ಲಿ ಸಕಲವೂ ಭಕ್ಷ್ಯವೇ?

ಛಾಂದೋಗ್ಯೋಪನಿಷತ್ತಿನ ಉಷಸ್ತಿ ಚಾಕ್ರಾಯಣನು ಇದಕ್ಕೆ ಸೂಕ್ಷ್ಮವಾದ ಉತ್ತರವನ್ನಿತ್ತಿದ್ದಾನೆ. ಕುರುದೇಶದ ಬೆಳೆ ಹಾಳಾಗಿ ಹಸಿದು ಅಲೆಯುತ್ತಿದ್ದ ಅವನು, ಒಬ್ಬನು ತಿನ್ನುತ್ತಿದ್ದ ಕುಲ್ಮಾಷವನ್ನೇ ಬೇಡಿ, ಎಂಜಲೆಂದರಿತೂ ಸ್ವೀಕರಿಸಿದನು. ಆದರೆ ಕಾಳನ್ನಿತ್ತವನೇ ಕೊಡಬಂದ ಎಂಜಲು ನೀರನ್ನು ಒಲ್ಲೆನೆಂದನು. ಕಾಳನ್ನು ತಿನ್ನದಿದ್ದರೆ ಬದುಕಿಲ್ಲ, ನೀರಾದರೋ ಬೇಕಾದಲ್ಲಿ ದೊರೆಯುತ್ತದೆ ಎಂಬುದು ಅವನ ವಾದ. ಆಪತ್ತು ಎಷ್ಟನ್ನು ಅನುಮತಿಸಿತೋ ಅಷ್ಟರಲ್ಲಿಯೇ ಅವನು ನಿಂತನು.

ಕಡಲಿನಲ್ಲಿ ಈ ಲೆಕ್ಕವು ತಿರುಗುಮುರುಗಾಗುತ್ತದೆ. ಅಲ್ಲಿ ಮೀನು ಸಿಕ್ಕೀತು, ಕುಡಿಯುವ ನೀರು ದುರ್ಲಭ. ಮೀನಿನ ಮಾಂಸವು ಜೀರ್ಣವಾದ ಮೇಲೆ ಉಳಿಯುವ ಕಶ್ಮಲವನ್ನು ಮೂತ್ರಪಿಂಡಗಳು ಹೊರಹಾಕಲು ನೀರೇ ಬೇಕಾದುದರಿಂದ, ನೀರಿಲ್ಲದವನು ಹಸಿವಿದ್ದರೂ ಮೀನನ್ನು ತಿನ್ನದಿರುವುದೇ ಲೇಸು. ನೀರಿದ್ದರೂ ಎಲ್ಲ ಮೀನೂ ಆಹಾರವಲ್ಲ: ಬೆದರಿದೊಡನೆ ಚೆಂಡಿನಂತೆ ಊದಿಕೊಳ್ಳುವ ಮೀನಿನ ಯಕೃತ್ತು, ಅಂಡಾಶಯಗಳಲ್ಲಿ ಬೇಯಿಸಿದರೂ ಅಳಿಯದ ವಿಷವಿರಬಹುದು, ಹವಳದ ದಿಬ್ಬಗಳ ಸುತ್ತಲಿನ ದೊಡ್ಡ ಮೀನುಗಳಲ್ಲಿಯೂ ಕಣ್ಣಿಗೆ ಕಾಣದ ನಂಜು ಸೇರಿರುವುದುಂಟು. ನಿಷೇಧವನ್ನು ಆಪತ್ತು ಅಳಿಸುವುದಿಲ್ಲ. ಗ್ರಂಥದಲ್ಲಿದ್ದುದನ್ನು ತಿನ್ನುವವನ ಕಣ್ಣಿಗೂ ಕೈಗೂ ಒಪ್ಪಿಸುತ್ತದೆ.

ಆ ಕಣ್ಣು ಆಪತ್ತು ಬಂದ ಗಳಿಗೆಯಲ್ಲಿ ಹುಟ್ಟುವಂಥದಲ್ಲ. ಕಕ್ಕಡ ಮಾಸದ ಜಡಿಮಳೆಯಲ್ಲಿ ಬೈಂಬಳೆಯನ್ನು ತೆಳುವಾಗಿ ಹೆಚ್ಚಿ, ನೆನೆಯಿಟ್ಟು, ದಿನವೂ ನೀರನ್ನು ಚೆಲ್ಲಿ ಹೊಸನೀರು ತುಂಬಿ, ಎಳೆಬಿದಿರಿನ ನಂಜು ಇಳಿದ ಬಳಿಕವಷ್ಟೇ ಒಲೆಗೇರಿಸುವ ಕೊಡಗಿನ ತಾಯಂದಿರು, ಹಸಿವಿಗೂ ತುತ್ತಿಗೂ ನಡುವೆ ತಾಳ್ಮೆಯೊಂದನ್ನಿರಿಸುವ ಈ ವ್ರತವನ್ನೇ ತಲೆಮಾರುಗಳಿಂದ ಪಾಲಿಸಿದ್ದಾರೆ.

1982ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 76 ದಿನ ತೆಪ್ಪದ ಮೇಲೆ ತೇಲಿದ ಅಮೆರಿಕದ ನಾವಿಕ ಸ್ಟೀವನ್ ಕ್ಯಾಲಹನ್, ಸೂರ್ಯನ ಶಾಖದಿಂದ ಉಪ್ಪುನೀರನ್ನು ಬಟ್ಟಿಯಿಳಿಸಿ ಕುಡಿಯುತ್ತ, ತೆಪ್ಪವನ್ನು ಹಿಂಬಾಲಿಸಿದ ಡೊರಾಡೋ ಮೀನುಗಳನ್ನು ಈಟಿಯಿಂದ ಹಿಡಿದು ಬದುಕಿದನು. ತಾನು ಕೊಂದ ಆ ಮೀನುಗಳನ್ನೇ ಸಂಗಾತಿಗಳೆಂದು ಕಂಡನು. ಮೀನುಗಳ ಸಲುವಾಗಿ ಮೇಲೆ ಸುತ್ತುತ್ತಿದ್ದ ಹಕ್ಕಿಗಳನ್ನು ನೋಡಿಯೇ ಬೆಸ್ತರು ಬಂದು ಅವನನ್ನು ಉಳಿಸಿದರು. ಕೊಲ್ಲುವುದು ಅನಿವಾರ್ಯವಾದಲ್ಲಿಯೂ ಕೊಂದ ಜೀವದ ಋಣವನ್ನು ಅರಿಯುವುದು ಅನಿವಾರ್ಯವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವನ್ನು ನಾನರಿಯೆ.

ಆದುದರಿಂದ ಆಪದ್ಧರ್ಮವನ್ನು ಧರ್ಮಕ್ಕೆ ದೊರೆತ ಬಿಡುವೆಂದು ತಿಳಿಯಬಾರದು. ಬದುಕಲು ಬೇಕಾದಷ್ಟನ್ನು ತೆಗೆದುಕೊಳ್ಳುವುದು, ಅದಕ್ಕೂ ಮುನ್ನ ಪರೀಕ್ಷಿಸುವುದು, ತೆಗೆದುಕೊಂಡುದಕ್ಕೆ ಕೃತಜ್ಞನಾಗಿರುವುದು: ಈ ಮೂರೂ ಕೂಡಿದಲ್ಲಿ ಕಡಲ ನಡುವೆ ಹಸಿಮೀನನ್ನು ತಿಂದವನ ಊಟವೂ ರಾಮನಾಥಪುರದಲ್ಲಿ ಮೀನಿಗೆ ಪುರಿಯೆಸೆದವನ ಪೂಜೆಯಷ್ಟೇ ಶುದ್ಧ.