ಗಾಯಗೊಂಡ ಕೈಯೂ ಕರಸ್ಥಲವೇ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿಕೊಂಡು ಪೂಜಿಸುವಾಗ ಮುಂಗೈ ಮರೆಯಾಗಿರಲಾರದು. ಆ ಮುಂಗೈಯ ಮೇಲೆ ತಾನೇ ಮಾಡಿಕೊಂಡ ಗಾಯಗಳ ಗುರುತಿದ್ದು, ಅದನ್ನು ಸೆರಗಿನಿಂದ ಮರೆಸುತ್ತ ಮನೆಮಗಳೊಬ್ಬಳು ಗುರುವಿನ ಮುಂದೆ ಕುಳಿತರೆ ಗುರುವಿನ ಧರ್ಮವೇನು? ಹೆತ್ತವರ ಧರ್ಮವೇನು?

ಕಾಯವನ್ನು ಕೆಡಿಸಿಕೊಂಡವರು ಶಿವದ್ರೋಹಿಗಳೆಂದು ಗದರಿಸುವುದು ಸುಲಭ. ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರ ಅರಿವನ್ನು ಹೀಗೆ ಬೆತ್ತವಾಗಿ ಬಳಸುವುದು ವಚನಧರ್ಮಕ್ಕೆ ಎಸಗುವ ಅಪಚಾರ. ದೇಗುಲದ ಗೋಡೆ ಬಿರಿದರೆ ಭಕ್ತನಾದವನು ಗೋಡೆಯನ್ನು ಬೈಯುವನೇ?

ಹೀಗೆ ತಮ್ಮನ್ನು ನೋಯಿಸಿಕೊಳ್ಳುವವರಲ್ಲಿ ಅನೇಕರು ಸಾವನ್ನು ಬಯಸಿದವರಲ್ಲ. ತಾಳಲಾರದ ಮನದ ಬೇಗೆಗೆ ಕ್ಷಣಕಾಲದ ಉಪಶಮನವನ್ನು ಅರಸುವವರು. ಕೆಲವರಂತೂ ಏನೂ ಅನಿಸದ ಜಡತೆಯಿಂದ ಹೊರಬರಲು ತೊಳಲುವವರು. ಆ ಉಪಶಮನ ನಿಲ್ಲದು. ಅದರ ಬೆನ್ನಿಗೇ ನಾಚಿಕೆ ಬರುತ್ತದೆ, ನಾಚಿಕೆಯು ಬೇಗೆಯನ್ನು ಮತ್ತೆ ಹೊತ್ತಿಸುತ್ತದೆ. ಹಿರಿಯರ ಬೈಗುಳವು ಆ ಉರಿಗೆ ಸುರಿದ ಎಣ್ಣೆ. ಆದರೂ ಇದನ್ನು ಹಗುರವಾಗಿ ಎಣಿಸಲಾಗದು. ಮುಂದೆ ಪ್ರಾಣಕ್ಕೇ ಎರವಾಗುವ ಅಪಾಯವು ಇಂಥವರಲ್ಲಿ ಹೆಚ್ಚು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತಬಹುದು: ಪುರಾತನರಲ್ಲಿ ಕಣ್ಣಪ್ಪನು ತನ್ನ ಕಣ್ಣನ್ನೇ ಶಿವನಿಗೆ ಅರ್ಪಿಸಲಿಲ್ಲವೇ? ಹರಿಹರನು ಅವನನ್ನು ಕೊಂಡಾಡಲಿಲ್ಲವೇ? ನಿಜ. ಆದರೆ ಕಥೆಯನ್ನು ಕೊನೆಯವರೆಗೆ ಕೇಳಬೇಕು. ಲಿಂಗದ ಕಣ್ಣಿನಿಂದ ನೆತ್ತರು ಸೋರುವುದನ್ನು ಸೈರಿಸಲಾರದೆ ಕಣ್ಣಪ್ಪನು ಹಾಗೆ ಮಾಡಿದನು; ಅವನದು ಪರರ ನೋವಿಗೆ ಮರುಗಿದ ಮುಗ್ಧಭಕ್ತಿ. ಎರಡನೆಯ ಕಣ್ಣಿಗೆ ಕೈಯೆತ್ತಿದಾಗಲೋ, ಶಿವನೇ ಅವನನ್ನು ತಡೆದನು. ಇನ್ನೊಂದು ಕಣ್ಣನ್ನೂ ಕೊಡೆಂದು ಕೇಳಲಿಲ್ಲ, ಶಪಿಸಲೂ ಇಲ್ಲ. ನೋವನ್ನು ಕಾಣಿಕೆಯೆಂದು ಬಗೆದು ಕೂಡುತ್ತ ಹೋಗುವವರು ಈ ತಡೆಯನ್ನೇ ಮರೆಯುತ್ತಾರೆ.

ತಡೆಯುವುದೆಂದರೆ ಲಿಂಗವನ್ನು ಮುಟ್ಟಿಸಿ ಆಣೆ ಮಾಡಿಸುವುದಲ್ಲ. ಆಣೆ ಮುರಿದ ದಿನ ಆ ಮಗುವು ಗಾಯದೊಡನೆ ದೇವರನ್ನೂ ಮರೆಮಾಡಬೇಕಾಗುತ್ತದೆ. ಏಕಾಂತದಲ್ಲಿ ಕುಳ್ಳಿರಿಸಿಕೊಂಡು, 'ಬಹಳ ನೋವಾಗಿದೆಯೇನವ್ವಾ?' ಎಂದು ಕೇಳಿ ಸುಮ್ಮನಿರಬೇಕು. ಸಾಯುವ ಯೋಚನೆ ಬರುತ್ತಿದೆಯೇ ಎಂದೂ ಅಂಜದೆ ವಿಚಾರಿಸಬೇಕು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದೆಂಬುದು ತಪ್ಪು ಭೀತಿ. ಹೌದೆಂದರೆ ಒಂಟಿಯಾಗಿ ಬಿಡದೆ, ಗುಟ್ಟೆಂದು ಮುಚ್ಚಿಡದೆ, ಒಡನೆಯೇ ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೇ ವಿಧಿಸಿದೆ. ರಾಜ್ಯದ ಶಾಸನವೇ ಇಷ್ಟು ಕರಗಿರುವಾಗ, ದಯೆಯನ್ನೇ ಧರ್ಮದ ಬೇರೆಂದು ನಂಬಿದ ಮನೆಗಳು ಬಿಗಿದುಕೊಂಡಿರುವುದು ವಿಚಿತ್ರ.

ಔಷಧ, ಸಮಾಲೋಚನೆಗಳು ಫಲಿಸಲು ಕಾಲ ಬೇಕು. ನಡುವೆ ಹೊಸ ಗಾಯವೊಂದು ಕಾಣಿಸಿಕೊಂಡೀತು. ಅದಕ್ಕೆ ಮೊದಲು ಬೇಕಾದುದು ಶುದ್ಧವಾದ ನೀರು, ಬಟ್ಟೆ, ಮಾತು ಆಮೇಲೆ. ಅಂದಿನ ಪಂಕ್ತಿಯಲ್ಲಿ ಅವಳ ಎಡೆಯು ಎಂದಿನ ಸ್ಥಳದಲ್ಲಿಯೇ ಇರಲಿ.